ಅತ್ತಿಗೆಯ ಬಲಗೈ

ಮೂಳೆ ಮುರಿದು ಮೂರು ವರ್ಷವಾಗಿ, ಅದು ಕೂಡಿದ ಮೇಲೂ ನೋವು ಹೋಗಿಲ್ಲ ಎಂದರೆ ಯಾರು ನಂಬುತ್ತಾರೆ? ನಾನಂತೂ ನಂಬಿರಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಆರೂವರೆ ಬಸ್ಸು ಹಿಡಿದು, ಯಲಹಂಕದ ಅಪಾರ್ಟ್‌ಮೆಂಟ್ ಒಂದರಲ್ಲಿ ಹನ್ನೆರಡು ಜನ ಹೌಸ್‌ಕೀಪಿಂಗ್ ಹೆಂಗಸರ ಹಿಂದೆ ದಿನವಿಡೀ ಓಡಾಡಿ, ಸಂಜೆ ಬಾಗಲೂರಿನ ಮನೆಗೆ ಬಂದರೆ ಒಲೆಯ ಮೇಲೆ ಎಸರು ಕುದಿಯುತ್ತಿರುತ್ತಿತ್ತು, ಪಕ್ಕದಲ್ಲಿ ರಾಗಿ ಹಿಟ್ಟು ಅಳೆದಿಟ್ಟಿರುತ್ತಿತ್ತು, ಮುದ್ದೆ ತಿರುವುವವರು ಮಾತ್ರ ಇರುತ್ತಿರಲಿಲ್ಲ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು "ಬಂದ್ಯಾ ಸುಬ್ಬಿ?" ಅನ್ನುತ್ತಿದ್ದಳು. ಬಂದೆ ತಾಯಿ, ಬರದೆ ಎಲ್ಲಿ ಹೋಗಲಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಕೋಲು ಹಿಡಿಯುತ್ತಿದ್ದೆ.

ನಾನು ಸುಬ್ಬಲಕ್ಷ್ಮಿ, ಈ ಮನೆಯ ಮಗಳು. ಗಂಡನನ್ನು ಬಿಟ್ಟು ತವರಿಗೆ ಬಂದು ಒಂಬತ್ತು ವರ್ಷವಾಯಿತು. ಮನೆಯಲ್ಲಿ ಅಪ್ಪ ಮುನಿವೆಂಕಟಯ್ಯ, ಅವ್ವ ಮಾರಕ್ಕ, ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವ ಅಣ್ಣ ವಿಜಯ್ ಕುಮಾರ್, ಅವನ ಹೆಂಡತಿ ಮುನಿಕೃಷ್ಣಮ್ಮ, ಬಿ.ಕಾಂ. ಓದುತ್ತಿರುವ ಅವರ ಮಗಳು ಮೋನಿಷಾ. ಈ ಮುನಿಕೃಷ್ಣಮ್ಮನೇ ನನ್ನ ಅತ್ತಿಗೆ. ಮೂರು ವರ್ಷದ ಹಿಂದೆ ಅಣ್ಣನ ಸ್ಕೂಟರಿನ ಹಿಂದೆ ಕೂತು ಹೋಗುವಾಗ ಗುಂಡಿಗೆ ಗಾಡಿ ಇಳಿದು ರಸ್ತೆಗೆ ಬಿದ್ದಳು. ಬಲಭುಜದ ಮೂಳೆ ಮುರಿಯಿತು. ಮೊದಲು ನಾಟಿ ವೈದ್ಯರ ಹತ್ತಿರ ಪುತ್ತೂರು ಕಟ್ಟು ಕಟ್ಟಿಸಿದೆವು, ಆಮೇಲೆ ಆಸ್ಪತ್ರೆಗೆ ಹೋದೆವು, ನಾಲ್ಕು ತಿಂಗಳಿಗೆ ಮೂಳೆ ಕೂಡಿತು. ನೋವು ಕುತ್ತಿಗೆಯಿಂದ ಬೆರಳ ತುದಿಯವರೆಗೆ ಹಾಗೇ ಉಳಿಯಿತು.

ಉಳಿಯಿತು ಎಂದು ಅವಳು ಹೇಳುತ್ತಿದ್ದಳು. ಬಿಂದಿಗೆ ಎತ್ತಲು ಆಗುವುದಿಲ್ಲ, ಬಟ್ಟೆ ಹಿಂಡಲು ಆಗುವುದಿಲ್ಲ. ಫ್ಯಾನಿನ ಗಾಳಿ ಭುಜಕ್ಕೆ ತಾಗಿದರೂ ಉರಿ. ಹೋದ ಯುಗಾದಿಯ ಹೊತ್ತಿಗೆ ಅಣ್ಣ ದೊಡ್ಡ ಸ್ಕ್ಯಾನ್ ಮಾಡಿಸಿದ. ರಿಪೋರ್ಟು ತಂದು ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟ.

"ನಾರ್ಮಲ್ ಅಂತೆ," ಅಂದ. "ಏನೂ ಇಲ್ವಂತೆ."

"ಏನೂ ಇಲ್ದಿದ್ರೆ ಒಳ್ಳೇದಲ್ವಾ?" ಅಂದರು ಅಪ್ಪ.

"ಒಳ್ಳೇದೇ. ಮತ್ತೆ ಇವ್ಳು ಯಾಕೆ ಮೂರು ವರ್ಷದಿಂದ ಅಯ್ಯೋ ಅಪ್ಪಾ ಅಂತಿರೋದು ಅಂತ ಕೇಳಿ."

ಅತ್ತಿಗೆ ಎಡಗೈಯಲ್ಲಿ ಸಾರು ಬಡಿಸುತ್ತಿದ್ದಳು. "ನೋವೈತೆ ಕಣ್ರೀ. ನಂಗೇನ್ ಆಸೇನಾ?"

"ಎಲ್ಲೈತೆ? ಇದ್ರಲ್ಲಿ ತೋರ್ಸು," ಎಂದು ಅಣ್ಣ ಫಿಲಂ ಎತ್ತಿ ಲೈಟಿಗೆ ಹಿಡಿದ. ನನಗೆ ನಗು ಬಂತು, ನಕ್ಕೆ. ಫಿನಾಯಿಲು ಮುಟ್ಟಿ ಮುಟ್ಟಿ ಬಿರುಕು ಬಿಟ್ಟ ನನ್ನ ಅಂಗೈಗೆ ಯಾವ ಸ್ಕ್ಯಾನೂ ಇಲ್ಲ, ಯಾವ ರಜವೂ ಇಲ್ಲ ಎಂಬ ಸಿಟ್ಟು ಆ ನಗುವಿನಲ್ಲಿತ್ತು.

ನಾಲ್ಕು ವರ್ಷದ ಮೇಲೆ, ಮೇ ತಿಂಗಳಿಗೆ ಊರಮ್ಮನ ಹಬ್ಬ ಗೊತ್ತಾಯಿತು. ನಮ್ಮ ಕಡೆ ಆ ದಿನ ಪ್ರತಿ ಮನೆಯಿಂದ ಒಂದು ದೀಪದಾರತಿ ಹೊರಡಬೇಕು. ಅಕ್ಕಿಹಿಟ್ಟು, ಬೆಲ್ಲ ಕಲಸಿದ ತಂಬಿಟ್ಟನ್ನು ಹಿತ್ತಾಳೆ ತಟ್ಟೆಯಲ್ಲಿ ಗುಡ್ಡೆ ಮಾಡಿ, ಮಧ್ಯೆ ತುಪ್ಪದ ದೀಪವಿಟ್ಟು, ಸುತ್ತ ಮೊಳದೆತ್ತರಕ್ಕೆ ಹೂವು ಕಟ್ಟಿ, ಮನೆಯ ಹಿರಿಯ ಸೊಸೆ ಅದನ್ನು ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ಗುಡಿಗೆ ನಡೆಯಬೇಕು. ಹತ್ತು ಹನ್ನೆರಡು ಕೇಜಿ ತೂಗುತ್ತದೆ. ಮೋನಿಷಾಗೆ ಮದುವೆಯಾಗಿಲ್ಲ. ಗಂಡನನ್ನು ಬಿಟ್ಟ ನಾನು ಮುಟ್ಟುವ ಹಾಗಿಲ್ಲ.

"ಈ ಸಲ ನಮ್ಮನೆ ಆರತಿ ಇಲ್ಲ ಅಂತ ಊರೋರ್ ಮುಂದೆ ಎಂಗೆ ಯೇಳ್ಲಿ?" ಎಂದು ಅವ್ವ ವಾರವಿಡೀ ಗೊಣಗಿದಳು. "ನನ್ ಅತ್ತೆ ಒತ್ತಿದ್ದು, ನಾನ್ ಒತ್ತಿದ್ದು. ಇವಳ ಕಾಲಕ್ಕೆ ನಿಂತೋಯ್ತು."

"ನಿಲ್ಲೋದ್ ಬ್ಯಾಡ ಅತ್ತೆ. ನಾನೇ ಒತ್ಕೊಂತೀನಿ," ಅಂದಳು ಅತ್ತಿಗೆ.

"ಕೈ?"

"ಊರಮ್ಮ ನೋಡ್ಕೊಂತಾಳೆ."

ಅವತ್ತು ಅವಳು ಬೆಳಗ್ಗೆಯಿಂದ ಉಪವಾಸ. ಹಸಿರು ಸೀರೆ ಉಟ್ಟು, ಕೈತುಂಬಾ ಬಳೆ ತೊಟ್ಟು ನಿಂತಳು. ನಾಲ್ಕು ಜನ ಸೇರಿ ಆರತಿ ತಲೆಗೇರಿಸಿದರು. ತಮಟೆ ಶುರುವಾಯಿತು. ಬೀದಿಯ ಎರಡೂ ಕಡೆ ಜನ. ಅತ್ತಿಗೆ ಬಲಗೈ ಎತ್ತಿ ತಟ್ಟೆಯ ಅಂಚು ಹಿಡಿದಳು, ನಾಲ್ಕು ಹೆಜ್ಜೆ ನಡೆದಳು, ಆಮೇಲೆ ಕೈ ಬಿಟ್ಟೇ ನಡೆದಳು. ಗುಡಿಯ ಹತ್ತಿರ ತಮಟೆಯವರು ಜೋರು ಮಾಡಿದಾಗ ಎರಡೂ ಕೈ ಸೊಂಟದ ಮೇಲಿಟ್ಟು, ತಲೆಯ ಮೇಲಿನ ದೀಪ ಅಲುಗದ ಹಾಗೆ ಹೆಜ್ಜೆ ಹಾಕಿದಳು. ಮುಖದ ತುಂಬಾ ನಗು. ಮೂರು ವರ್ಷದಲ್ಲಿ ಆ ನಗು ನಾನು ನೋಡಿರಲಿಲ್ಲ.

ನನಗೆ ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಮೂರು ವರ್ಷ ತಿರುವಿದ ಮುದ್ದೆಯೆಲ್ಲ ನೆನಪಾಯಿತು. ಫೋನು ತೆಗೆದು ವಿಡಿಯೋ ಮಾಡಿದೆ. ನೆಂಟರೆಲ್ಲ ಇರುವ ವಾಟ್ಸಾಪ್ ಗ್ರೂಪಿಗೆ ಹಾಕಿ ಕೆಳಗೆ "ಭುಜದ ನೋವು ಎಲ್ಲಿಗೆ ಹೋಯಿತೋ!" ಎಂದು ಬರೆದೆ. ಸಂಜೆಯೊಳಗೆ ಮೂವತ್ತು ಜನ ನಗುವ ಮುಖ ಕಳಿಸಿದ್ದರು.

ಮಾರನೆಯ ಬೆಳಗ್ಗೆ ಅವ್ವ ಬೀದಿಯ ನಲ್ಲಿಯ ಹತ್ತಿರ ನಿಂತು ಊರಿಗೆಲ್ಲ ಸಾರಿದಳು. ಊರಮ್ಮ ನನ್ನ ಸೊಸೆಯ ನೋವು ಕಿತ್ತುಕೊಂಡಳು, ಡಾಕ್ಟರುಗಳ ಕೈಲಿ ಆಗದ್ದು ಒಂದು ಗಳಿಗೆಯಲ್ಲಿ ಆಯಿತು ಎಂದು. ಯಲಹಂಕದಿಂದ ಬೆಳ್ಳಿಯ ಪುಟ್ಟ ಕೈಯೊಂದನ್ನು ತರಿಸಿ ಗುಡಿಗೆ ಒಪ್ಪಿಸಿದಳು. ಒಪ್ಪಿಸಿ ಬಂದವಳೇ ಅತ್ತಿಗೆಯ ಕೈಗೆ ಮುದ್ದೆ ಕೋಲು ಕೊಟ್ಟಳು.

"ತಗೋ. ಸುಬ್ಬಿ ಸಾಕಷ್ಟು ಮಾಡವಳೆ."

ಅತ್ತಿಗೆ ತೆಗೆದುಕೊಂಡಳು. ಅವತ್ತಿಂದ ಮುದ್ದೆ ಅವಳದೇ, ಬಟ್ಟೆ ಅವಳದೇ, ಸಂಪಿನಿಂದ ನೀರು ಸೇದುವುದು ಅವಳದೇ. ನಾನು ಸಂಜೆ ಬಂದು ಕಾಲು ಚಾಚಿ ಕೂತು ಟೀ ಕುಡಿದೆ. ಆಹಾ, ಎಷ್ಟು ದಿನವಾಗಿತ್ತು! ಎರಡನೆಯ ವಾರ ಮೋನಿಷಾ ಬಂದು ನನ್ನ ಪಕ್ಕ ಕೂತಳು.

"ಅತ್ತೆ, ಅಮ್ಮ ಬಾತ್ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ."

"ಯಾಕಂತೆ?"

"ಇನ್ಯಾಕೆ? ನೋವು."

"ನೋವು ಅಂತ ಬಾಯ್ಬಿಟ್ಟು ಹೇಳ್ಬೋದಲ್ಲ?"

"ಯಾರಿಗೆ ಹೇಳ್ತಾರೆ? ಹೇಳಿದ್ರೆ ಊರಮ್ಮಂಗೆ ಅವಮಾನ ಅಂತ ಅಜ್ಜಿ ಬಾಯಿ ಮುಚ್ಸಿದಾರೆ. ಅಪ್ಪಂಗೆ ಹೇಳಿದ್ರೆ ನಿಮ್ಮ ವಿಡಿಯೋ ತೋರಿಸ್ತಾರೆ."

ನಿಮ್ಮ ವಿಡಿಯೋ ಎಂದಾಗ ಅವಳು ನನ್ನ ಮುಖ ನೋಡಲಿಲ್ಲ. ನಾನು ಎದ್ದು ಲೋಟ ತೊಳೆಯಲು ಹೋದೆ.

ಆ ಭಾನುವಾರ ಮಧ್ಯಾಹ್ನ ನೆಂಟರು ಬಂದಿದ್ದರು. ಅತ್ತಿಗೆ ಕುದಿಯುವ ಸಾರಿನ ಪಾತ್ರೆ ಇಳಿಸುವಾಗ ಬಲಗೈ ಸೋತು ಪಾತ್ರೆ ನೆಲಕ್ಕೆ ಬಿತ್ತು. ಕೋಳಿ ಸಾರು ಅಡುಗೆಮನೆ ತುಂಬಾ ಹರಿಯಿತು. ಅವಳ ಪಾದದ ಮೇಲೂ ಬಿತ್ತು.

"ಬೇಕೂಂತ ಬೀಳಿಸಿದ್ಯಾ?" ಅಣ್ಣ ನೆಂಟರ ಎದುರಿಗೇ ಕೂಗಿದ.

"ಕೈಲಿ ಜೀವ ಇಲ್ಲ ಕಣ್ರೀ. ಹಬ್ಬದ ಮಾರ್ನೇ ದಿನದಿಂದ ಸಾಯ್ತಾ ಇದೀನಿ."

"ಮುಚ್ಚು ಬಾಯಿ!" ಅವ್ವ ಎದ್ದು ಬಂದಳು. "ಊರಮ್ಮ ಕೊಟ್ಟ ವರಾನ ಇಂಗೆ ಒದಿತೀಯಾ?"

ಅಣ್ಣ ಫೋನು ತೆಗೆದ. ತಮಟೆಯ ಸದ್ದು ಮನೆಯಲ್ಲೆಲ್ಲ ಕೇಳಿತು. ಅವಳ ಮುಖದ ಮುಂದೆ ಹಿಡಿದು, "ಇದ್ಯಾರು? ಹೇಳೇ, ಇದ್ಯಾರು? ಹನ್ನೆರಡು ಕೇಜಿ ಹೊತ್ಕೊಂಡು ಕುಣಿಯಕ್ಕಾಗುತ್ತೆ, ಒಂದು ಪಾತ್ರೆ ಇಳ್ಸಕ್ಕಾಗಲ್ವಾ?" ಅಂದ.

ಅತ್ತಿಗೆ ವಿಡಿಯೋ ಪೂರ್ತಿ ನೋಡಿದಳು. ಸುಟ್ಟ ಪಾದಕ್ಕೆ ಮೋನಿಷಾ ನೀರು ಹಾಕುತ್ತಿದ್ದಳು. "ನಾನೇ ಕಣ್ರೀ," ಅಂದಳು ಅತ್ತಿಗೆ. "ಅವತ್ತು ನೋವಾಗ್ಲಿಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ. ನೋವಾಗ್ಲಿಲ್ಲ."

ಅದಾದ ಮೇಲೆ ಅವಳು ಬದಲಾದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡೇ ಓಡಾಡತೊಡಗಿದಳು. ಜಡೆಯನ್ನು ಮೋನಿಷಾ ಹಾಕಬೇಕು, ರವಿಕೆಯ ಗುಂಡಿಯನ್ನು ಮೋನಿಷಾ ಹಾಕಬೇಕು. ಟಿವಿಯಲ್ಲಿ ಹಾಸ್ಯ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಮುದ್ದೆ ಕೋಲು ಮತ್ತೆ ನನ್ನ ಕೈಗೆ ಬಂತು. ಬೈಯಲು ಬಾಯಿ ತೆರೆದೆ, ಅವಳ ಪಾದದ ಬೊಬ್ಬೆ ನೋಡಿ ಎಸರಿಗೆ ಹಿಟ್ಟು ಸುರಿದೆ.

ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಬುಧವಾರ ಬುಧವಾರ ಹಳೆಯ ನೋವಿನವರನ್ನೇ ನೋಡುತ್ತಾರೆ ಎಂದು ಮೋನಿಷಾ ಎಲ್ಲೋ ವಿಚಾರಿಸಿಕೊಂಡು ಬಂದಳು. ಅಣ್ಣ ಬರುವುದಿಲ್ಲ ಅಂದ. ನಾನು ರಜ ಹಾಕಿ ಜೊತೆಗೆ ಹೋದೆ. ಪ್ರೀತಿಯಿಂದ ಹೋದೆ ಅಂದುಕೊಳ್ಳಬೇಡಿ, ಒಂದು ಸಲ ಇದು ಇತ್ಯರ್ಥವಾಗಲಿ ಎಂದು ಹೋದೆ.

ನೋಡಿದವರು ಸಬೀರಾ ಎಂಬ ಡಾಕ್ಟರು. ಹಳೆಯ ಫಿಲಂಗಳನ್ನೆಲ್ಲ ನೋಡಿದರು, ಹತ್ತಿಯಿಂದ ಭುಜ ಸವರಿದರು. ಹತ್ತಿ ತಾಗಿದ್ದಕ್ಕೆ ಅತ್ತಿಗೆ ಹಲ್ಲು ಕಚ್ಚಿದಳು.

"ಮೂಳೆ ಚೆನ್ನಾಗಿ ಕೂಡಿದೆ, ಅದು ನಿಜ. ನೋವಿದೆ, ಅದೂ ನಿಜ," ಅಂದರು.

"ಅದ್ ಹೆಂಗೆ ಮೇಡಂ?" ಅಂದೆ. "ಗಾಯ ಇಲ್ದಿದ್ಮೇಲೆ ನೋವು ಎಲ್ಲಿಂದ ಬರುತ್ತೆ?"

"ನೀವೇನ್ ಕೆಲ್ಸ ಮಾಡ್ತೀರಾ?"

ಹೇಳಿದೆ.

"ಹಂಗಾದ್ರೆ ಅಪಾರ್ಟ್‌ಮೆಂಟಲ್ಲಿ ಫೈರ್ ಅಲಾರಂ ಇರುತ್ತಲ್ಲ?"

"ಅಯ್ಯೋ, ಆ ಕಾಟ ಕೇಳ್ಬೇಡಿ. ಸಿ ಬ್ಲಾಕಲ್ಲಿ ಒಂದ್ಸಲ ನಿಜವಾಗ್ಲೂ ಬೆಂಕಿ ಹತ್ಕೊಳ್ತು. ಅವತ್ತಿಂದ ಅದನ್ನ ಎಷ್ಟು ಸೂಕ್ಷ್ಮ ಮಾಡಿಟ್ಟಿದಾರೆ ಅಂದ್ರೆ, ಯಾರಾದ್ರೂ ಒಗ್ಗರಣೆ ಹಾಕಿದ್ರೂ ಬಡ್ಕೊಳ್ಳುತ್ತೆ."

"ಬಡ್ಕೊಂಡಾಗ ಆ ಶಬ್ದ ಸುಳ್ಳಾ?"

"ಸುಳ್ಳೆಲ್ಲಿಂದ ಬಂತು, ಕಿವಿ ಕಿತ್ತೋಗುತ್ತೆ."

"ಬೆಂಕಿ ಇರುತ್ತಾ?"

"ಇಲ್ಲ."

"ಇವ್ರ ನರಗಳಿಗೂ ಹಂಗೇ ಆಗಿದೆ. ಬಿದ್ದಾಗ ಕಾಪಾಡಕ್ಕೆ ಕೂಗಿದ್ವು. ಮೂಳೆ ಕೂಡಿದ್ಮೇಲೂ ಅಪಾಯ ಇದೆ ಅಂತಾನೇ ಮಿದುಳಿಗೆ ಸುದ್ದಿ ಕಳಿಸ್ತಿವೆ. ಸ್ಕ್ಯಾನಲ್ಲಿ ಅದು ಕಾಣ್ಸಲ್ಲ."

ನಾನು ಸುಮ್ಮನಿರಬಹುದಿತ್ತು. ಆಗಲಿಲ್ಲ. ಫೋನು ತೆಗೆದು ವಿಡಿಯೋ ಹಾಕಿ ಅವರ ಮುಂದಿಟ್ಟೆ. "ಹಂಗಾದ್ರೆ ಇದೇನು ಮೇಡಂ?"

ಅತ್ತಿಗೆ ತಲೆ ತಗ್ಗಿಸಿದಳು. ಡಾಕ್ಟರು ಕೊನೆಯವರೆಗೂ ನೋಡಿದರು. ನೋಡಿ, ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. "ಎಷ್ಟು ಚೆನ್ನಾಗಿ ಹೊತ್ಕೊಂಡಿದೀರಮ್ಮ!"

ಅತ್ತಿಗೆ ಗಳಗಳ ಅತ್ತುಬಿಟ್ಟಳು. "ನಾನ್ ಸುಳ್ ಯೇಳಿಲ್ಲ ಮೇಡಂ. ನಮ್ಮಮ್ಮನಾಣೆ ಸುಳ್ ಯೇಳಿಲ್ಲ."

"ಸುಳ್ಳು ಅಂತ ಯಾರು ಅಂದ್ರು? ತಮಟೆ, ಜನ, ದೇವ್ರು, ಮನೆ ಮರ್ಯಾದೆ, ಅಷ್ಟೆಲ್ಲ ಇದ್ದಾಗ ಮಿದುಳು ಆ ಅಲಾರಮ್ಮಿನ ಸದ್ದು ಕಮ್ಮಿ ಮಾಡುತ್ತೆ. ಎಲ್ಲರಿಗೂ ಆಗುತ್ತೆ. ಇದು ಒಳ್ಳೇ ಸುದ್ದಿ. ನಿಮ್ಮ ನೋವು ತಗ್ಗೋಕೆ ಸಾಧ್ಯ ಇದೆ ಅಂತ ಅರ್ಥ." ಆಮೇಲೆ ನಿಧಾನವಾಗಿ ಹೇಳಿದರು. ಆ ಕೈಯನ್ನು ಕಟ್ಟಿಡಬೇಡಿ. ಒಂದೇ ದಿನ ಮನೆಕೆಲಸವೆಲ್ಲ ಮೈಮೇಲೆ ಎಳೆದುಕೊಳ್ಳಲೂಬೇಡಿ. ಖುಷಿ ಕೊಡುವ ಕೆಲಸ ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ ಮಾಡಿ. ನಗಿ, ನಾಲ್ಕು ಜನರ ಜೊತೆ ಇರಿ. ಕೊನೆಗೆ ನನ್ನ ಕಡೆ ನೋಡಿದರು. "ಮನೇಲಿ ಅನುಮಾನ ಪಟ್ಟಷ್ಟೂ ಅಲಾರಂ ಜೋರಾಗುತ್ತೆ. ಅದನ್ನ ನೀವು ನೆನಪಿಟ್ಕೊಳ್ಳಿ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವಳಿಗೆ ಕೊಟ್ಟೆ. ಬಸ್ಸು ಹೆಬ್ಬಾಳದ ಫ್ಲೈಓವರ್ ದಾಟಿತು. ಆಮೇಲೆ ನಾನು ಫೋನಿನಿಂದ ವಿಡಿಯೋ ಅಳಿಸಿದೆ. ಗ್ರೂಪಿನಲ್ಲಿದ್ದದ್ದನ್ನು ಅಳಿಸಲು ಹೋದರೆ ಕಾಲ ಮೀರಿತ್ತು, ಆಗಲಿಲ್ಲ.

"ತಪ್ಪಾಯ್ತು ಅತ್ತಿಗೆ," ಅಂದೆ.

"ಬುಡು," ಅಂದಳು. ಅಷ್ಟೇ.

ಮನೆಯಲ್ಲಿ ಊಟಕ್ಕೆ ಕೂತಾಗ ಡಾಕ್ಟರು ಹೇಳಿದ್ದನ್ನೆಲ್ಲ ನಾನೇ ಹೇಳಿದೆ. ಅಲಾರಮ್ಮು, ನರ, ಒಗ್ಗರಣೆ, ಒಂದೂ ಬಿಡಲಿಲ್ಲ.

"ಅಂದ್ರೆ ಎಲ್ಲಾ ತಲೇಲಿ ಅಂತಾಯ್ತು," ಅಂದ ಅಣ್ಣ. "ನಾನು ಮೊದ್ಲಿಂದ ಹೇಳ್ತಿದ್ದಿದ್ದೂ ಅದೇ."

"ಅದಲ್ಲ ಕಣೋ ಅವ್ರು ಹೇಳಿದ್ದು! ನೋವು ನಿಜ ಅಂದ್ರು."

"ಊರಮ್ಮ ತೆಗ್ದಿದ್ ನೋವ್ನ ಡಾಕ್ಟ್ರಮ್ಮ ತಿರ್ಗಾ ತಂದಿಟ್ಲಾ?" ಅವ್ವ ತಟ್ಟೆ ದೂಡಿದಳು. "ಬೆಳ್ಳಿ ಕೈ ಒಪ್ಪಿಸ್ ಬಂದಿದೀನಿ. ಊರೋರ್ ಮುಂದೆ ನನ್ ಮುಖ ಎಲ್ಲಿಕ್ಕೊಳ್ಲಿ?"

ಅಪ್ಪ ಒಬ್ಬರೇ ಜಗಳಕ್ಕೆ ಬರಲಿಲ್ಲ. ರಾತ್ರಿ ಮುದ್ದೆ ಇಲ್ಲದೆ ಎಪ್ಪತ್ತನಾಲ್ಕು ವರ್ಷ ಒಂದು ದಿನವೂ ಉಣ್ಣದವರು, "ನಾಳೆಯಿಂದ ನಂಗೆ ಅನ್ನಾನೇ ಇಕ್ಕಮ್ಮ, ಅರಗ್ತಾ ಇಲ್ಲ," ಎಂದು ಎದ್ದು ಕೈ ತೊಳೆದರು. ಅವರಿಗೆ ಕಲ್ಲು ತಿಂದರೂ ಅರಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

ನಾನು ನನ್ನ ಕೈಲಾದದ್ದು ಮಾಡಿದೆ. ಬಟ್ಟೆಗೆ ಮೆಷೀನು ತಂದೆ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಸಂಜೆ ಅವಳ ಜೊತೆ ಕೂತು ನಾನೂ ಮಾಡಿದೆ. ಅವಳು ಮಾಡುತ್ತಿದ್ದಳು, ಸ್ಕೂಲಿನಲ್ಲಿ ಬಸ್ಕಿ ಹೊಡೆಸಿದರೆ ಎಣಿಸುವ ಮಕ್ಕಳ ಹಾಗೆ ಎಣಿಸಿ ಮುಗಿಸುತ್ತಿದ್ದಳು. ಅವಳ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ ದೇವನಹಳ್ಳಿಯಿಂದ ಕರೆ ಬಂತು.

"ಓಗಿ ಬರೋಣ ನಡಿ ಅತ್ತಿಗೆ. ನಾನೂ ಬರ್ತೀನಿ," ಅಂದೆ. ಅವಳ ಜೊತೆ ಮಾತಾಡುವಾಗ ನನಗೂ ಊರ ಮಾತೇ ಬರುತ್ತದೆ.

"ಬ್ಯಾಡ."

"ಯಾಕೆ? ತವರೋರು ಕರ್ದವ್ರೆ."

"ಅಲ್ಲಿ ಎಲ್ರೂ ನಗ್ತಾ ಇರ್ತಾರೆ ಸುಬ್ಬಿ. ನಂಗೂ ನಗು ಬಂದ್ಬುಡ್ತದೆ."

"ಬರ್ಲಿ ಬಿಡು!"

"ನಕ್ರೆ ನೋವಿಲ್ಲ ಅಂತಾರೆ," ಅಂದಳು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು, ಎಡಗೈಯಲ್ಲಿ. ತಲೆ ಎತ್ತಲಿಲ್ಲ. ನಾಮಕರಣಕ್ಕೆ ಮೋನಿಷಾ ಒಬ್ಬಳೇ ಹೋಗಿ ಬಂದಳು.

ಆಷಾಢ ಕಳೆದು ಹದಿನೈದು ದಿನವಾಗಿರಬೇಕು. ಅಪಾರ್ಟ್‌ಮೆಂಟಿನಲ್ಲಿ ನನಗೆ ಅರ್ಧ ದಿನ ರಜ ಸಿಕ್ಕಿತು. ಮಧ್ಯಾಹ್ನ ಒಂದು ಗಂಟೆಗೆಲ್ಲ ಬಾಗಲೂರಿನಲ್ಲಿ ಇಳಿದೆ. ಅಪ್ಪ, ಅವ್ವ ಮದುವೆಯೊಂದಕ್ಕೆ ಹೋಗಿದ್ದರು, ಅಣ್ಣ ಡ್ಯೂಟಿ, ಮೋನಿಷಾ ಕಾಲೇಜು. ಗೇಟಿನ ಹತ್ತಿರ ಬರುವಾಗಲೇ ಒಳಗಿಂದ ಮಗು ಕೇಕೆ ಹಾಕುವುದು ಕೇಳಿತು. ಮೇಲಿನ ಮನೆಯ ಬಾಡಿಗೆಯವರಿಗೆ ಎರಡು ವರ್ಷದ ಹೆಣ್ಣುಮಗುವಿದೆ, ಅದರ ದನಿ. ಅದರ ಜೊತೆ ಇನ್ನೊಂದು ನಗು. ಯಾರು ಬಂದಿದ್ದಾರೆ ಎಂದುಕೊಂಡು ಸದ್ದಿಲ್ಲದೆ ಗೇಟು ತೆರೆದೆ.

ಅತ್ತಿಗೆ ಅಂಗಳದಲ್ಲಿ ನಿಂತಿದ್ದಳು. ಮಗುವನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತುತ್ತಿದ್ದಳು, ಇಳಿಸುತ್ತಿದ್ದಳು, ಮತ್ತೆ ಎತ್ತುತ್ತಿದ್ದಳು. "ಆಕಾಸಕ್ಕೋಯ್ತಾ ಬಂಗಾರಿ? ಆಕಾಸಕ್ಕೋಯ್ತಾ?" ಅನ್ನುತ್ತಿದ್ದಳು. ಸೆರಗು ಜಾರಿತ್ತು, ಕೂದಲು ಬಿಚ್ಚಿತ್ತು, ಮಗುವಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು. ಡಾಕ್ಟರು ಹೇಳಿದ ಮದ್ದು ಅವಳಿಗೆ ತಾನಾಗಿಯೇ ಸಿಕ್ಕಿತ್ತು. ನನಗೆ ಕಣ್ಣು ತುಂಬಿ ಬಂತು. ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು.

ಅಷ್ಟರಲ್ಲಿ ಅವಳು ನನ್ನನ್ನು ನೋಡಿದಳು.

ಮಗುವನ್ನು ದಡಕ್ಕನೆ ನೆಲಕ್ಕೆ ಇಳಿಸಿದಳು. ಬಲಗೈ ಸೆರಗಿನೊಳಗೆ ಹೋಯಿತು. ಕದಿಯುವಾಗ ಸಿಕ್ಕಿಬಿದ್ದವರ ಮುಖ ನೋಡಿದ್ದೀರಾ? ಹಾಗಾಗಿತ್ತು ನಮ್ಮ ಅತ್ತಿಗೆಯ ಮುಖ, ಅವಳ ಸ್ವಂತ ಅಂಗಳದಲ್ಲಿ.

"ನೋವೈತೆ ಸುಬ್ಬಿ," ಅಂದಳು. "ನಿಜವಾಗ್ಲೂ ನೋವೈತೆ. ಮಗು ಎತ್ಕೋ ಅಂತ ಅಟ ಮಾಡ್ತು, ಒಂದೇ ಒಂದ್ಸಲ ಎತ್ತಿದೆ. ನಿಮ್ಮಣ್ಣಂಗೆ ಯೇಳ್ಬ್ಯಾಡ. ನಿನ್ ಕಾಲಿಗ್ ಬೀಳ್ತೀನಿ, ಯೇಳ್ಬ್ಯಾಡ."

"ನಾನೇನೂ ನೋಡ್ಲಿಲ್ಲ ಅತ್ತಿಗೆ," ಅಂದುಬಿಟ್ಟೆ.

ಅಂದ ಮೇಲೆ ತಿಳಿಯಿತು. ಇನ್ನೊಂದು ಸಲ ಎತ್ತು, ನಾನೂ ನೋಡುತ್ತೇನೆ ಅನ್ನಬೇಕಿತ್ತು. ಅವಳು ಕದ್ದಿದ್ದಾಳೆ ಎಂದು ನಾನೂ ಒಪ್ಪಿಕೊಂಡ ಹಾಗಾಯಿತು.

ಮಗುವಿಗೆ ಇದೆಲ್ಲ ಏನು ಗೊತ್ತು? ಎರಡೂ ಕೈ ಮೇಲೆತ್ತಿ ಅವಳ ಮುಂದೆ ನಿಂತು "ಆಕಾಸ, ಆಕಾಸ" ಅಂದಿತು.

"ಎತ್ಕೋ ಅತ್ತಿಗೆ," ಅಂದೆ. "ನಿನ್ ದಮ್ಮಯ್ಯ, ಎತ್ಕೋ."

ಅವಳು ತಲೆಯಾಡಿಸಿದಳು. ಮಗು ಅವಳ ಸೀರೆ ಹಿಡಿದು ಎಳೆಯಿತು, ಅಳಲು ಶುರು ಮಾಡಿತು. ನಾನೇ ಎತ್ತಿಕೊಂಡೆ. ನನ್ನ ಹತ್ತಿರ ನಿಲ್ಲದೆ ಕೊಸರಾಡುತ್ತಾ ಅವಳ ಕಡೆಗೇ ಕೈ ಚಾಚಿತು. ಅತ್ತಿಗೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು, ಎತ್ತಿಕೊಳ್ಳಲಿಲ್ಲ.